ತಟ್ಟಿಯ ಆಚೆಗೆ ಫ್ರಾನ್ಸ್, ಈಚೆಗೆ ನಾನು

ನನ್ನ ಮೊಮ್ಮಗಳು ಅನುಷಾ ಈ ಜೂನ್‌ನಲ್ಲಿ ಆರ್.ಟಿ. ನಗರದ ಒಂದು ಶಾಲೆಗೆ ಸಮಾಜ ವಿಜ್ಞಾನದ ಟೀಚರ್ ಆಗಿ ಸೇರಿದಳು. ಸೇರಿದ ವಾರವೇ ಮುಖ ಬಾಡಿಸಿಕೊಂಡು ಬಂದು ನನ್ನ ಪಕ್ಕ ಕೂತಳು. "ಮಕ್ಕಳು ಕೇಳಲ್ಲ ಅಜ್ಜಿ. ನಾನು ಪಾಠ ಮಾಡ್ತಿದ್ರೆ ಕಿಟಕಿ ಕಡೆ ನೋಡ್ತಾ ಕೂತಿರ್ತಾವೆ" ಅಂದಳು. ಅವಳ ಕ್ಲಾಸಿನಲ್ಲಿ ಗೋಡೆಯಷ್ಟು ದೊಡ್ಡ ಪರದೆ ಇದೆಯಂತೆ. ಬೆರಳು ಮುಟ್ಟಿಸಿದರೆ ರೋಮ್ ನಗರ ಎದ್ದು ನಿಂತು ಗಿರ್ರನೆ ತಿರುಗುತ್ತದಂತೆ. ಅಷ್ಟೆಲ್ಲ ಇಟ್ಟುಕೊಂಡು ಅಳುವ ಹುಡುಗಿಯನ್ನು ಕಂಡು ಅಜ್ಜಿಯಾದವಳಿಗೆ ಮರುಕ ಬರಬೇಕು. ನನಗೆ ಬಂದದ್ದು ಹೊಟ್ಟೆಕಿಚ್ಚು. ರೋಮ್ ನಗರವನ್ನು ನಾನು ಬರೀ ಬಾಯಲ್ಲಿ ಕಟ್ಟಬೇಕಾಗಿತ್ತು, ಅದೂ ಪಕ್ಕದ ಕ್ಲಾಸಿನ ಗದ್ದಲದ ನಡುವೆ.

ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಅವಳೇ ಕಲಿಸಿಕೊಟ್ಟಿದ್ದಾಳೆ. ಒಂದೇ ಬೆರಳಿನಲ್ಲಿ ಕುಟ್ಟುತ್ತೇನೆ, ಆದ್ದರಿಂದ ಒಂದು ಪುಟಕ್ಕೆ ಒಂದು ದಿನ ಹಿಡಿಯುತ್ತದೆ. ಅವಳಿಗೂ ಅವಳ ಜೊತೆ ಹೊಸದಾಗಿ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರಿಗೂ ಇದನ್ನು ಬರೆಯುತ್ತಿದ್ದೇನೆ. ಕ್ಲಾಸಿನ ಮಕ್ಕಳ ಕಿವಿ ಬೇರೆ ಕಡೆ ತಿರುಗಿದರೆ ಟೀಚರಿಗೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಲಹಂಕದಲ್ಲಿ ಇನ್ನೊಬ್ಬರಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದಲ್ಲಿ, ಯಲಹಂಕದ ಒಂದು ಅನುದಾನಿತ ಪ್ರೌಢಶಾಲೆಗೆ. ಓದಿದ್ದು ಕನ್ನಡ ಮತ್ತು ಅರ್ಥಶಾಸ್ತ್ರ, ಕೊಟ್ಟದ್ದು ಚರಿತ್ರೆ. ಆಗ ಚರಿತ್ರೆಯನ್ನು ಯಾರೂ ಕೇಳಿ ಪಡೆಯುತ್ತಿರಲಿಲ್ಲ. ಟೈಮ್ ಟೇಬಲ್ ಹಾಕುವಾಗ ಯಾರಿಗೆ ಪೀರಿಯಡ್ ಕಡಿಮೆ ಬಿತ್ತೋ ಅವರ ತಲೆಗೆ ಕಟ್ಟುತ್ತಿದ್ದರು. ನಮ್ಮ ಹೆಡ್‌ಮಾಸ್ಟರ್ ಗಣಿತದವರು. ನಾನು ಹೆದರಿಕೊಂಡು, ಸಾರ್, ನಾನು ಚರಿತ್ರೆ ಓದಿಲ್ಲ ಎಂದಾಗ ಅವರು ತಲೆಯೆತ್ತದೆ, "ಅದರಲ್ಲಿ ಓದೋಕೆ ಏನಿದೆ ಕಣಮ್ಮ? ಆಗಿಹೋಗಿದ್ದು ತಾನೆ" ಅಂದರು.

ಶಾಲೆಯ ಹಳೆಯ ಕಟ್ಟಡ ಒಂದು ಉದ್ದನೆಯ ಹೆಂಚಿನ ಹಾಲು. ಅದಕ್ಕೆ ಬಿದಿರಿನ ತಟ್ಟಿ ಅಡ್ಡ ಕಟ್ಟಿ ಮೂರು ಭಾಗ ಮಾಡಿದ್ದರು. ಮೊದಲು ಒಂಬತ್ತನೇ ಎ, ನಡುವೆ ಒಂಬತ್ತನೇ ಬಿ, ಕೊನೆಯಲ್ಲಿ ಹುಡುಗಿಯರ ಹೊಲಿಗೆ ಕ್ಲಾಸು. ತಟ್ಟಿ ಕಣ್ಣಿಗೆ ಮಾತ್ರ ಗೋಡೆ, ಕಿವಿಗೆ ಅಲ್ಲ. ಆಚೆಯವರು ಕೆಮ್ಮಿದರೆ ಈಚೆಯವರು ಯಾರು ಕೆಮ್ಮಿದ್ದು ಎಂದು ಹೇಳಬಹುದಿತ್ತು. ಮೈದಾನದ ಆಚೆ ಹೊಸ ಕಲ್ಲುಕಟ್ಟಡ ಇತ್ತು. ಅಲ್ಲಿ ನಿಜವಾದ ಗೋಡೆ, ನಿಜವಾದ ಬಾಗಿಲು, ಹತ್ತನೇ ಕ್ಲಾಸು. ಆ ಕ್ಲಾಸಿಗೆ ಚರಿತ್ರೆ ಹೇಳುತ್ತಿದ್ದ ಹಿರಿಯ ಮೇಷ್ಟ್ರು ಇನ್ನು ಸ್ವಲ್ಪ ಕಾಲದಲ್ಲಿ ನಿವೃತ್ತರಾಗುವವರಿದ್ದರು. ಅವರು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಮೈದಾನ ದಾಟುವುದನ್ನು ನಾನು ದಿನಾ ನೋಡುತ್ತಿದ್ದೆ. ಅವರ ನಂತರ ಆ ಕ್ಲಾಸು ನನಗೇ ಎಂದು ಮನಸ್ಸಿನಲ್ಲೇ ಬರೆದುಕೊಂಡಿದ್ದೆ.

ನನ್ನ ಪಾಠದ ಕ್ರಮ ಎಲ್ಲರದ್ದೇ. ಕಾರಣಗಳು, ಘಟನೆಗಳು, ಪರಿಣಾಮಗಳು. ಬೋರ್ಡಿನ ಮೇಲೆ ಬರೆಯುವುದು, ಮಕ್ಕಳಿಂದ ಒಟ್ಟಾಗಿ ಹೇಳಿಸುವುದು. ಕೋಗಿಲು, ಪುಟ್ಟೇನಹಳ್ಳಿ, ರಾಜಾನುಕುಂಟೆ ಕಡೆಯಿಂದ ಬರುವ ಮಕ್ಕಳು ಬೆಳಿಗ್ಗೆ ಮನೆಯಲ್ಲಿ ಹಾಲು ಕರೆದು, ಹುಲ್ಲು ಹಾಕಿ ಬಂದಿರುತ್ತಿದ್ದರು. ಚರಿತ್ರೆ ಊಟದ ನಂತರದ ಪೀರಿಯಡ್. ನಾನು ಕಾರಣ ಹೇಳುತ್ತಿದ್ದಂತೆ ಹಿಂದಿನ ಸಾಲು ತೂಗುತ್ತಿತ್ತು.

ಶಾಲೆಗೆಲ್ಲ ಒಂದೇ ಪ್ರಪಂಚದ ಭೂಪಟ, ಬಟ್ಟೆಯದು. ಹಿಂದಿನ ಮೇಷ್ಟ್ರುಗಳೆಲ್ಲ "ನಾವು ಇಲ್ಲಿದ್ದೇವೆ" ಎಂದು ಬೆತ್ತದಿಂದ ಚುಚ್ಚಿ ಚುಚ್ಚಿ, ಬೆಂಗಳೂರು ಇರಬೇಕಾದ ಜಾಗದಲ್ಲಿ ಒಂದು ತೂತು ಆಗಿತ್ತು. ಒಂದು ದಿನ ಒಬ್ಬ ಹುಡುಗ ಎದ್ದು ನಿಂತು, "ಲಂಡನ್ ಐತೆ, ಪ್ಯಾರಿಸ್ ಐತೆ, ರಾಜಾನುಕುಂಟೆ ಎಲ್ಲೈತೆ ಮಿಸ್?" ಎಂದ. ನನಗೆ ತಮಾಷೆ ಮಾಡುವ ಚಟ. ಆ ತೂತಿನೊಳಗೆ ಇದೆ ಎಂದೆ. ಕ್ಲಾಸು ನಕ್ಕಿತು. ಮರುದಿನ ಅವನ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಶಾಲೆಗೇ ಬಂದುಬಿಟ್ಟರು. ನಮ್ಮೂರನ್ನು ತೂತಿಗೆ ಹಾಕಿದ ಮಿಸ್ಸು ಯಾರು ಎಂದು ವಿಚಾರಿಸಿಕೊಂಡು ಬಂದಿದ್ದರು. ಹೆಡ್‌ಮಾಸ್ಟರ್ ರೂಮಿನ ಮೇಜಿನ ಮೇಲೆ ಭೂಪಟ ಹಾಸಿ ತೋರಿಸಬೇಕಾಯಿತು. ಅವರು ಸಮುದ್ರಗಳನ್ನೆಲ್ಲ ಒಂದು ಸುತ್ತು ನೋಡಿ, ತೂತಿನ ಮೇಲೆ ಬೆರಳಿಟ್ಟರು. "ಇಷ್ಟ್ ದೊಡ್ ಪ್ರಪಂಚದಾಗೆ ನಮ್ಮೂರ್ಗೆ ಒಂದ್ ತೂತಾದ್ರೂ ಸಿಕ್ತಲ್ಲ ಬುಡಿ" ಎಂದು ಹೇಳಿ ಹೊರಟುಹೋದರು. ಹೆಡ್‌ಮಾಸ್ಟರ್ ಮಾತ್ರ ಬಹಳ ದಿನ ನನ್ನನ್ನು ಕಂಡಾಗಲೆಲ್ಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಹೀಗೆ ನೆಮ್ಮದಿಯಾಗಿದ್ದ ನನ್ನ ರಾಜ್ಯಕ್ಕೆ ಶಕುಂತಲಾ ಬಂದರು.

ಅವರು ಹುಬ್ಬಳ್ಳಿ ಕಡೆಯವರು. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸವಾಗಿ ಸಂಸಾರ ಯಲಹಂಕಕ್ಕೆ ಬಂದಿತ್ತು. ನನಗಿಂತ ಚಿಕ್ಕವರು, ದನಿ ಮಾತ್ರ ನನಗಿಂತ ಎರಡು ಪಟ್ಟು. ಅವರ ಕಡೆ ಹೆಣ್ಣು ಟೀಚರುಗಳನ್ನು ಅಕ್ಕಾರು ಎಂದು ಕರೆಯುತ್ತಾರಂತೆ. ನನ್ನನ್ನೂ ಮೊದಲ ದಿನದಿಂದಲೇ ಅಕ್ಕಾರ ಎಂದರು. ಅವರಿಗೆ ಒಂಬತ್ತನೇ ಬಿ ಕೊಟ್ಟರು, ನನಗೆ ಒಂಬತ್ತನೇ ಎ. ಎರಡಕ್ಕೂ ಚರಿತ್ರೆ ಒಂದೇ ಹೊತ್ತಿಗೆ. ಹೆಡ್‌ಮಾಸ್ಟರಿಗೆ ಟೈಮ್ ಟೇಬಲ್ ನೋಡಲು ಚೆಂದ ಇರಬೇಕಾಗಿತ್ತು, ಅಷ್ಟೆ ಕಾರಣ.

ಮೊದಲ ಪಾಠ ಇಬ್ಬರಿಗೂ ಒಂದೇ, ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದದ್ದು. ನಾನು ಬೋರ್ಡಿನ ಮೇಲೆ ಇಸವಿ ಬರೆದು ಅದರ ಕೆಳಗೆ ಗೆರೆ ಎಳೆಯುತ್ತಿದ್ದೆ. ತಟ್ಟಿಯ ಆಚೆಯಿಂದ ಶಕುಂತಲಾ ಕೇಳಿದರು: "ನಿಮ್ಮಪ್ಪ ರಾಜಾನುಕುಂಟೆಯಿಂದ ಸಂತಿಗೆ ಮೆಣಸಿನಕಾಯಿ ಗಾಡಿ ಹೊಡ್ಕೊಂಡು ಬರ್ತಾನ. ದಾರ್ಯಾಗ ಒಬ್ಬಾಂವ ಅಡ್ಡ ನಿಂತು, ಇಲ್ಲಿ ಹಾಯ್ಲಿಕ್ಕೆ ಬಿಡಂಗಿಲ್ಲ ಅಂತಾನ. ಏನ್ ಮಾಡ್ತಾನ ನಿಮ್ಮಪ್ಪ?"

"ಒಡೀತಾನೆ ಮಿಸ್" ಎಂದು ಒಂದು ದನಿ ಬಂತು. ಎರಡೂ ಕ್ಲಾಸು ನಕ್ಕವು.

"ಅಂವ ನಿಮ್ಮಪ್ಪಗಿಂತ ಗಟ್ಟಿ ಇದ್ರ?"

"ಕೆರೆ ಮ್ಯಾಲಾಸಿ ಸುತ್ತಾಕ್ಕೊಂಡ್ ಓಗ್ತಾನೆ."

"ಹಾಂ. ಯುರೋಪಿನವರೂ ಹಂಗ ಸುತ್ತ್ ಹಾಕ್ಕೊಂಡು ಹೊಂಟ್ರು. ಕೆರಿ ಅಲ್ಲ, ಸಮುದ್ರ."

ನಾನು ತಿರುಗಿ ನೋಡಿದೆ. ನನ್ನ ಕ್ಲಾಸಿನ ಮಕ್ಕಳೆಲ್ಲ ಬೋರ್ಡಿನ ಕಡೆ ಮುಖ ಮಾಡಿ, ಕಿವಿಯನ್ನು ತಟ್ಟಿಯ ಕಡೆ ಇಟ್ಟು ಕೂತಿದ್ದರು. ತೂಗುತ್ತಿದ್ದ ಹಿಂದಿನ ಸಾಲು ಎಚ್ಚರವಾಗಿತ್ತು, ನನ್ನಿಂದಲ್ಲ. ಆ ಕ್ಷಣ ಒಳಗೆ ಏನೋ ಹೊತ್ತಿಕೊಂಡಿತು. ಹತ್ತಾರು ವರ್ಷ ಆರಲಿಲ್ಲ. ಈಗ ಬರೆಯುವಾಗಲೂ ಬಿಸಿ ತಗುಲುತ್ತಿದೆ.

ಸ್ಟಾಫ್‌ರೂಮಿನಲ್ಲೂ ಅದೇ ಪಾಡು. ಅವರು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದರು. ಎಲ್ಲರ ಕೈಯೂ ಆ ಡಬ್ಬಿಯ ಕಡೆಗೇ. ನನ್ನ ಚಿತ್ರಾನ್ನ ಇದ್ದಲ್ಲೇ ಇರುತ್ತಿತ್ತು. ಹೊಲಿಗೆ ಟೀಚರ್ ರತ್ನಮ್ಮ ಅಷ್ಟು ವರ್ಷ ನನ್ನ ಪಕ್ಕ ಕೂರುತ್ತಿದ್ದವರು, ಸದ್ದಿಲ್ಲದೆ ಕುರ್ಚಿಯನ್ನು ಅತ್ತ ಸರಿಸಿಕೊಂಡರು. ರೊಟ್ಟಿ ತಿನ್ನದೆ ಇರೋಣ ಎಂದು ನಾನೂ ಪಟ್ಟು ಹಿಡಿದೆ. ಎರಡು ದಿನ ಹಿಡಿದೆ. ಚಟ್ನಿಪುಡಿ ನಿಜಕ್ಕೂ ಚೆನ್ನಾಗಿತ್ತು.

ಮುಂದಿನ ಪಾಠಗಳಲ್ಲಿ ನನ್ನ ಕೈಲಾದ ಕಿತಾಪತಿ ಮಾಡಿದೆ. ಶಕುಂತಲಾ ನೆಪೋಲಿಯನ್ನನ ಕಥೆಯನ್ನು ದಿನಕ್ಕಿಷ್ಟು ಎಂದು ಹರಿಕಥೆಯ ಹಾಗೆ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅವನು ರಷ್ಯಾದ ಕಡೆ ದಂಡು ಹೊರಡಿಸಿದ್ದ. ಕುದುರೆ ಎಷ್ಟು, ತೋಪು ಎಷ್ಟು, ಮಾಸ್ಕೋ ಇನ್ನೆಷ್ಟು ದೂರ. ಆಚೆ ಕಡೆ ಉಸಿರಿನ ಸದ್ದೂ ಇಲ್ಲ. ನಾನು ಪರಿಣಾಮಗಳ ಪುಟ ತೆಗೆಸಿ, ನನ್ನ ಮಕ್ಕಳಿಗೆ ಎದ್ದು ನಿಂತು ಗಟ್ಟಿಯಾಗಿ ಹೇಳಿ ಎಂದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ, "ಒಂದು, ನೆಪೋಲಿಯನ್ ಸೋತನು. ಎರಡು, ಅವನ ಸೈನ್ಯ ಚಳಿಯಲ್ಲಿ ನಾಶವಾಯಿತು" ಎಂದು ಕೂಗಿತು. ತಟ್ಟಿಯೇ ಅದುರಿತು. ಆಚೆಯಿಂದ ಮಕ್ಕಳ ಅಯ್ಯೋ ಎಂಬ ಸದ್ದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಶಕುಂತಲಾ ದನಿ, ಮೊದಲಿಗಿಂತ ಮೆಲ್ಲಗೆ: "ಸೋತದ್ದು ಗೊತ್ತಾತಲ್ಲ? ಚಲೋ ಆತು. ಈಗ ಅಷ್ಟು ದೊಡ್ಡಾಂವ ಹೆಂಗ ಸೋತ, ಕೇಳ್ರಿ."

ಅಂದಿನಿಂದ ಅವರು ಎಲ್ಲ ಕಥೆಯನ್ನೂ ಕೊನೆಯಿಂದಲೇ ಶುರು ಮಾಡಿದರು. ಕೇಳಲು ಇನ್ನೂ ಚೆನ್ನಾಗಿತ್ತು. ನಾನು ಕೊಟ್ಟ ಪೆಟ್ಟನ್ನೇ ಅವರು ಪಾಠದ ಕ್ರಮ ಮಾಡಿಕೊಂಡರು. ಹೊಟ್ಟೆಕಿಚ್ಚು ಪಡುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹಾಗಾದರೆ ನಾನೂ ಕಥೆ ಹೇಳುತ್ತೇನೆ ಎಂದು ಹೊರಟೆ. ಪರೀಕ್ಷೆಗೆ ಮೊದಲು ಮತ್ತೊಮ್ಮೆ ಹೇಳಬೇಕಿದ್ದ ಫ್ರಾನ್ಸಿನ ರಾಜ ರಾಣಿಯರ ಪಾಠವನ್ನು ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಸಾರು ಉಕ್ಕಿ ಒಲೆ ಆರಿತು. ಮರುದಿನ ಕ್ಲಾಸಿನಲ್ಲಿ ಕೈ ಬೀಸಿ, ಕಣ್ಣರಳಿಸಿ, "ರಾಜಾ ಏನಂದ ಗೊತ್ತದ ಏನು?" ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಬೆಂಚಿನ ಗೌರಿ, ಕೋಗಿಲಿನವಳು, ಬಹಳ ಮರ್ಯಾದೆಯಿಂದ ಎದ್ದು ನಿಂತಳು. "ಮಿಸ್, ನೀವು ಆ ಮಿಸ್ ತರ ಮಾತಾಡ್ತಾ ಇದೀರ" ಎಂದಳು. ಕದ್ದ ಕಥೆಯ ಜೊತೆ ದನಿಯೂ ಬಂದುಬಿಟ್ಟಿತ್ತು. ಆಚೆ ಕಡೆ ಶಕುಂತಲಾ ಪಾಠ ನಿಂತಿತ್ತು. ಅವರು ನಗಲಿಲ್ಲ. ನಕ್ಕಿದ್ದರೆ ನಾನು ಜಗಳ ಮಾಡಿ ಹಗುರಾಗುತ್ತಿದ್ದೆ. ಸೀಮೆಸುಣ್ಣ ಎತ್ತಿಕೊಂಡು ಮತ್ತೆ ಕಾರಣಗಳಿಗೆ ಹೋದೆ.

ಆ ವರ್ಷವೇ ಹತ್ತನೇ ಕ್ಲಾಸಿನ ಹಿರಿಯ ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ನನ್ನನ್ನೋ ಶಕುಂತಲಾ ಅವರನ್ನೋ ಎಂಬ ಮಾತು ಎದ್ದಿತು. ಹಿರಿತನ ನನ್ನದು, ಹೆಸರು ಅವರದು. ಹೆಡ್‌ಮಾಸ್ಟರ್ ತಾವು ತೀರ್ಮಾನ ಮಾಡದೆ, ಪರಿವೀಕ್ಷಕರು ಬರುತ್ತಾರೆ, ಇಬ್ಬರ ಪಾಠವನ್ನೂ ನೋಡಲಿ ಎಂದರು. ಪಾಠ ನೋಡಿದವರು ಯಾರನ್ನು ಆರಿಸುತ್ತಾರೆ ಎಂದು ನನಗೆ ಗೊತ್ತಿತ್ತು. ನನ್ನ ಮಕ್ಕಳೇ ಅವರನ್ನು ಆರಿಸಿಕೊಂಡಿದ್ದರಲ್ಲ.

ಪರಿವೀಕ್ಷಕರು ಬಂದರು. ದಪ್ಪ ಕನ್ನಡಕ, ಅವಸರದ ಮನುಷ್ಯ. ಮೊದಲು ಬಿ ವಿಭಾಗಕ್ಕೆ ಹೋದರು. ಶಕುಂತಲಾ ಫ್ರಾನ್ಸಿನ ಕ್ರಾಂತಿಯ ಕಥೆಯನ್ನು ಚೆನ್ನಾಗಿಯೇ ಹೇಳಿದರು. ಪರಿವೀಕ್ಷಕರು ಒಬ್ಬ ಹುಡುಗನನ್ನು ಎಬ್ಬಿಸಿ, ಕ್ರಾಂತಿಗೆ ಕಾರಣಗಳೇನು ಎಂದು ಕೇಳಿದರು. ಅವನು ಉತ್ಸಾಹದಿಂದ ರಾಣಿಯ ತಲೆಗೂದಲಿನಿಂದ ಶುರು ಮಾಡಿದ. ಕೂದಲಿಗೆ ಹಿಟ್ಟು ಹಚ್ಚುತ್ತಿದ್ದರು, ಊರಿನಲ್ಲಿ ರೊಟ್ಟಿಗೆ ಹಿಟ್ಟಿಲ್ಲ, ಹೆಂಗಸರೆಲ್ಲ ಮಳೆಯಲ್ಲಿ ಅರಮನೆಗೆ ನಡೆದರು. ದಾರಿಯಲ್ಲಿ ಯಾರು ಏನು ಹಾಡಿದರು ಎಂಬಲ್ಲಿಗೆ ಬಂದಾಗ ಪರಿವೀಕ್ಷಕರು, ಸಾಕು, ಕೂತ್ಕೋ ಎಂದರು.

ಆಮೇಲೆ ನನ್ನ ಕಡೆ ಬಂದರು. ನನ್ನ ಪಾಠ ಎಂದಿನಂತೆ ಒಣಕಲು. ಅವರು ಅದೇ ಪ್ರಶ್ನೆ ಕೇಳಿ ಗೌರಿಯನ್ನು ಎಬ್ಬಿಸಿದರು. ಗೌರಿ ಕೈ ಕಟ್ಟಿಕೊಂಡು ಒಂದು, ಎರಡು, ಮೂರು ಎಂದು ಕಾರಣಗಳನ್ನು ಕ್ರಮವಾಗಿ ಹೇಳಿದಳು. ಒಂದೊಂದು ಕಾರಣಕ್ಕೂ ಒಂದು ಉದಾಹರಣೆ ಕೊಟ್ಟಳು. ಆಹಾರದ ಅಭಾವ ಎಂದರೆ, ರಾಣಿಯ ಕೂದಲಿಗೆ ಹಿಟ್ಟಿತ್ತು ಸಾರ್, ಜನರ ರೊಟ್ಟಿಗೆ ಇರಲಿಲ್ಲ. ಪರಿವೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಇನ್ನೊಬ್ಬನನ್ನು ಎಬ್ಬಿಸಿದರು. ಅವನೂ ಹಾಗೆಯೇ ಹೇಳಿದ. ಕಾರಣವೂ ಗೊತ್ತು, ಕಥೆಯೂ ಗೊತ್ತು, ಪಾಠ ಹೀಗಿರಬೇಕು ಎಂದು ಹೆಡ್‌ಮಾಸ್ಟರಿಗೆ ಹೇಳಿ ಹೋದರು.

ನನ್ನ ಮಕ್ಕಳಿಗೆ ಬಾಯಿ ನಾನು ಕೊಟ್ಟಿದ್ದೆ, ಕಿವಿ ಶಕುಂತಲಾ ಕೊಟ್ಟಿದ್ದರು. ಹತ್ತನೇ ಕ್ಲಾಸು ನನಗೆ ಬಂತು.

ಅವತ್ತು ಸ್ಟಾಫ್‌ರೂಮಿನಲ್ಲಿ ಶಕುಂತಲಾ ರೊಟ್ಟಿ ಮುರಿಯುತ್ತಾ, "ನಮ್ಮ ಮಾಲು ನಿಮ್ಮ ಅಂಗಡ್ಯಾಗ ಚಲೋ ಮಾರಾಟ ಆತಲ್ರಿ ಅಕ್ಕಾರ" ಅಂದರು.

"ಮಾಲು ನಿಮ್ದಿರ್ಬಹುದು ಕಣ್ರೀ, ತಕ್ಕಡಿ ನಮ್ದು" ಅಂದೆ.

ಅವರು ಚಟ್ನಿಪುಡಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ನಾನು ಧಾರಾಳವಾಗಿ ಹಾಕಿಕೊಂಡೆ. ಕ್ಲಾಸು ಬಿಟ್ಟುಕೊಡಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ.

ಜೂನ್‌ನಲ್ಲಿ ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಮೈದಾನ ದಾಟಿದೆ. ಹತ್ತನೇ ಕ್ಲಾಸಿನ ಬಾಗಿಲು ಹಾಕಿದರೆ ಹೊರಗಿನ ಕಾಗೆಯೂ ಕೇಳಿಸುತ್ತಿರಲಿಲ್ಲ. ನಾನು ಬರೆದೆ, ಮಕ್ಕಳು ಬರೆದುಕೊಂಡರು. ನಾನು ಹೇಳಿದೆ, ಮಕ್ಕಳು ಹೇಳಿದರು. ಯಾರ ಕಿವಿಯೂ ಎಲ್ಲಿಗೂ ತಿರುಗಲಿಲ್ಲ, ತಿರುಗಲು ಜಾಗವೇ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಹಿಂದಿನ ಸಾಲು ತೂಗತೊಡಗಿತು. ನಡುವಿನ ಸಾಲೂ ತೂಗಿತು. ಒಂದು ಮಧ್ಯಾಹ್ನ ಪಾಠ ಹೇಳುತ್ತಾ ಹೇಳುತ್ತಾ ನನಗೇ ಆಕಳಿಕೆ ಬಂತು. ಆಗ ತಿಳಿಯಿತು, ಇಷ್ಟು ದಿನ ನಾನೂ ಒಂದು ಕಿವಿಯನ್ನು ಆಚೆಗಿಟ್ಟುಕೊಂಡೇ ಪಾಠ ಮಾಡುತ್ತಿದ್ದೆ.

ಅತ್ತ ಹಳೆಯ ಹಾಲಿನಲ್ಲಿ ಶಕುಂತಲಾ ಕಥೆ ನಡೆದೇ ಇತ್ತು. ಕೇಳುತ್ತಿದ್ದವರು ಹೊಲಿಗೆಯ ರತ್ನಮ್ಮ. ಅವರಿಗೆ ಚರಿತ್ರೆ ಎಂದರೆ ಏನೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಆದರೂ ದಿನಾ ಊಟದ ಹೊತ್ತಿಗೆ ನನ್ನ ಮುಂದೆ ಕೂತು ಹಿಂದಿನ ದಿನದ ಕಥೆಯನ್ನು ಚೂರು ಚೂರು ಮಾಡಿ ಹೇಳುತ್ತಿದ್ದರು. ಒಂದು ದಿನ ಹೀಗೆಂದರು: "ಯಾರೋ ಕೆಂಪಂಗಿಯವನಂತೆ ಕಣ್ರೀ. ಅಷ್ಟು ಯುದ್ಧ ಮಾಡಿ ರಾಜ್ಯ ಗೆದ್ದು ರಾಜನ ಕೈಗೆ ಕೊಟ್ಟುಬಿಟ್ನಂತೆ. ತಾನು ಒಂದು ಚೀಲ ಬಿತ್ತನೆ ಬೀಜ ಹೊತ್ಕೊಂಡು ಊರಿಗೆ ಹೋದ್ನಂತೆ. ಹೆಸರು ಮರ್ತೋಯ್ತು."

"ಗ್ಯಾರಿಬಾಲ್ಡಿ" ಎಂದೆ.

"ಹೆಸರು ಬಿಡಿ. ಆ ಚೀಲ ಹೊತ್ಕೊಂಡು ಹೋಗಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ" ಅಂದರು ರತ್ನಮ್ಮ.

ಗ್ಯಾರಿಬಾಲ್ಡಿಯ ಹೆಸರು, ಇಸವಿ, ಹಡಗು, ದಂಡಯಾತ್ರೆ ಎಲ್ಲವನ್ನೂ ನಾನು ವರ್ಷಗಟ್ಟಲೆ ಹೇಳಿದ್ದೇನೆ. ಬೀಜದ ಚೀಲದ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಗುಂಡಿ ಕಾಜಾ ಹೊಲಿಯುವ ರತ್ನಮ್ಮನಿಗೆ ಸಿಗುವುದು ನನಗೆ ಸಿಗುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಒಬ್ಬರ ಮೇಲಿದ್ದ ಹೊಟ್ಟೆಕಿಚ್ಚು ಈಗ ಇಬ್ಬರ ಮೇಲಾಯಿತು.

ವರ್ಷ ಮುಗಿಯುವ ಹೊತ್ತಿಗೆ ನಾನು ಹೆಡ್‌ಮಾಸ್ಟರ್ ಬಳಿ ಹೋದೆ. ಮೈದಾನ ದಾಟಿ ದಾಟಿ ಮಂಡಿ ನೋವು ಬಂದಿದೆ, ಹಳೆಯ ಹಾಲಿನಲ್ಲೇ ಒಂಬತ್ತನೇ ಕ್ಲಾಸು ಕೊಡಿ ಎಂದೆ. ಮಂಡಿ ಆಗ ಗಟ್ಟಿಯಾಗಿಯೇ ಇತ್ತು. ತಟ್ಟಿಯ ಈಚೆ ನನ್ನ ಜಾಗ ನನಗೆ ಸಿಗಲಿ, ಆಚೆಯವರು ಹೇಳುತ್ತಿರಲಿ ಎಂಬುದು ನನ್ನ ಲೆಕ್ಕ. ಹೆಡ್‌ಮಾಸ್ಟರ್ ತಕ್ಷಣ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಜೂನ್‌ನಲ್ಲಿ ಟೈಮ್ ಟೇಬಲ್ ಹಾಕಿದರು. ಒಂಬತ್ತನೇ ಬಿ ನನಗೆ. ನಾನು ಬಿಟ್ಟ ಹತ್ತನೇ ಕ್ಲಾಸು ಶಕುಂತಲಾ ಅವರಿಗೆ.

ಅದು ಇನ್ಯಾರಿಗೆ ಹೋಗುತ್ತದೆ? ಗಣಿತದವರಿಗೆ ಹೊಳೆಯುವುದು ನನಗೆ ಹೊಳೆದಿರಲಿಲ್ಲ. ಅವರ ಹತ್ತಿರ ಇರಲೆಂದು ಕ್ಲಾಸು ಬಿಟ್ಟೆ, ಅದೇ ಕ್ಲಾಸಿಗೆ ಅವರು ಹೋದರು. ಈಗ ಅವರು ಪುಸ್ತಕ ಹಿಡಿದು ಮೈದಾನ ದಾಟುವುದನ್ನು ನಾನು ನೋಡಬೇಕು. ನನಗೆ ಅವರ ಹಳೆಯ ಜಾಗ, ನಡುವಿನ ಕೋಣೆ. ಒಂದು ಪಕ್ಕ ಎ ವಿಭಾಗದಲ್ಲಿ ಹಿಂದಿ ಮೇಷ್ಟ್ರು, ಇನ್ನೊಂದು ಪಕ್ಕ ರತ್ನಮ್ಮನ ಸೂಜಿ ದಾರ.

ಮೊದಲ ದಿನ ಕಾಂಪಸ್ಸು, ಹಾಯಿಹಡಗು ಎಂದು ಕಾರಣಗಳನ್ನು ಬರೆದೆ. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಕೇಳಲು ಬೇರೆ ಯಾರೂ ಇರಲಿಲ್ಲ. ಹಿಂದಿ ಮೇಷ್ಟ್ರ ಕಡೆ ಕಾಗುಣಿತ, ರತ್ನಮ್ಮನ ಕಡೆ ಕತ್ತರಿ ಸದ್ದು. ಆ ಮಕ್ಕಳ ಕಿವಿಗೆ ಬೀಳುವುದೆಲ್ಲ ಇನ್ನು ನನ್ನಿಂದಲೇ ಬೀಳಬೇಕು ಎಂದು ಅರ್ಥವಾದಾಗ ನಿಜವಾಗಿ ಹೆದರಿದೆ. ಕಥೆ ಹೇಳಲು ನನಗೆ ಬಾರದು, ಅದನ್ನು ಒಮ್ಮೆ ನೋಡಿಯಾಗಿತ್ತು. ಹಾಗಾದರೆ ನನಗೆ ಬರುವುದೇನು ಎಂದು ಯೋಚಿಸುತ್ತಾ ಕೆಲವು ತಿಂಗಳು ಒದ್ದಾಡಿದೆ.

ನನಗೆ ಬರುವುದು ಒಂದೇ, ಜಗಳ ಹಚ್ಚುವುದು. ಚಿಕ್ಕಂದಿನಿಂದ ಅಕ್ಕ ತಂಗಿಯರ ನಡುವೆ, ಮದುವೆಯಾದ ಮೇಲೆ ಓರಗಿತ್ತಿಯರ ನಡುವೆ ಒಂದು ಮಾತು ಎಸೆದು, ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತು ನೋಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮೊದಲನೇ ಮಹಾಯುದ್ಧದ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟೆ. ಮಕ್ಕಳನ್ನು ಕೇಳಿದೆ, ನಿಮ್ಮೂರಲ್ಲಿ ಪಂಚಾಯ್ತಿ ಹೇಗೆ ಸೇರುತ್ತೆ? ಕೋಗಿಲಿನವರೂ ಪುಟ್ಟೇನಹಳ್ಳಿಯವರೂ ಪೈಪೋಟಿಯಿಂದ ಹೇಳಿದರು. ಅರಳಿಕಟ್ಟೆ, ಎರಡು ಕಡೆಯವರು, ನಡುವೆ ಹಿರೀಕರು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಸರಿ, ಸೇರಿಸಿ ಎಂದೆ. ಬಲಗಡೆಯ ಬೆಂಚುಗಳು ಆಸ್ಟ್ರಿಯಾ ಮತ್ತು ಜರ್ಮನಿ. ಎಡಗಡೆ ಸೆರ್ಬಿಯಾ, ರಷ್ಯಾ. ನಡುವೆ ನಾಲ್ಕು ಜನ ಹಿರೀಕರು. ಆಸ್ಟ್ರಿಯಾದ ಯುವರಾಜನನ್ನು ಕೊಂದದ್ದು ಸೆರ್ಬಿಯಾ ಕಡೆಯ ಹುಡುಗ. ಇಡೀ ಲೋಕ ಹೊತ್ತಿ ಉರಿಯಿತು. ತಪ್ಪು ಯಾರದು, ಪಂಚಾಯ್ತಿ ಹೇಳಲಿ.

ಅಷ್ಟು ಹೇಳಿ ನಾನು ಮೂಲೆಯಲ್ಲಿ ಕೂತೆ.

ಮೊದಲು ನಾಚಿಕೆ. ಆಮೇಲೆ ಪುಟ್ಟೇನಹಳ್ಳಿಯ ಒಬ್ಬ ಹುಡುಗ ಎದ್ದ, ಹೆಗಲ ಮೇಲೆ ಇಲ್ಲದ ಟವೆಲ್ ಸರಿಮಾಡಿಕೊಂಡ. "ನಮ್ ಮನೆ ಮಗನ್ನ ಒಡೆದಾಕವ್ರೆ. ನಾವು ಸುಮ್ಕಿರ್ಬೇಕಾ?" ಎಂದ.

ಎಡಗಡೆಯಿಂದ ಉತ್ತರ ಬಂತು: "ಒಬ್ಬ ಮಾಡಿದ್ದಕ್ಕೆ ಇಡೀ ಊರ್ಗೆ ಬೆಂಕಿ ಇಕ್ತೀರಾ? ಇಂಗಾದ್ರೆ ಯಾವೂರೂ ಉಳಿಯಾಕಿಲ್ಲ."

"ಜರ್ಮನಿಯೋನು ಯಾಕೆ ಬಂದ ಇದ್ರಾಗೆ? ಅವ್ನಿಗೇನು ಕೆಲ್ಸ?"

"ನೆಂಟ್ರು. ಕರೆದ್ರು, ಬಂದ."

"ನೆಂಟ ಅಂದ್ರೆ ಜಗ್ಳ ಬುಡಿಸ್ಬೇಕು, ದೊಣ್ಣೆ ತರೋದಲ್ಲ."

ನಾಲ್ಕು ಕಾರಣ ಎಂದು ನಾನು ವರ್ಷಗಟ್ಟಲೆ ಬರೆಸಿದ್ದೆಲ್ಲ ಒಂದೊಂದಾಗಿ ಅವರ ಬಾಯಿಂದಲೇ ಬಂತು. ಪುಸ್ತಕದಲ್ಲಿ ಇಲ್ಲದ ಎರಡು ಹೆಚ್ಚಾಗಿ ಬಂದವು. ಹಿಂದಿನ ಸಾಲು ಬೆಂಚಿನ ಮೇಲೆ ಹತ್ತಿ ನಿಂತಿತ್ತು. ಅಷ್ಟರಲ್ಲಿ ಹೊಲಿಗೆ ಕೋಣೆಯ ಕಡೆಯಿಂದ, ತಟ್ಟಿಯ ಬಿರುಕಿಗೆ ಬಾಯಿಟ್ಟು ಯಾವಳೋ ಒಬ್ಬಳು ಹೇಳಿದಳು: "ಮಿಸ್, ಜರ್ಮನಿಯವರ್ದೇ ತಪ್ಪು." ಅವಳ ಹಿಂದೆಯೇ ರತ್ನಮ್ಮನ ಗದರಿಕೆ.

ಪಂಚಾಯ್ತಿಯ ಹಿರೀಕರು ತಮ್ಮತಮ್ಮಲ್ಲೇ ಪಿಸುಗುಟ್ಟಿ ತೀರ್ಪು ಕೊಡುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಮಕ್ಕಳು ಎದ್ದು ಹೋಗಲಿಲ್ಲ. ಅದನ್ನು ನಾನು ಕಣ್ಣು ತುಂಬ ನೋಡಿದೆ.

ರತ್ನಮ್ಮ ನೇರವಾಗಿ ಹೆಡ್‌ಮಾಸ್ಟರ್ ಬಳಿ ಹೋಗಿ ನನ್ನ ಮೇಲೆ ದೂರು ಕೊಟ್ಟರು. ನನ್ನ ಕ್ಲಾಸಿನ ಗಲಾಟೆ ಕೇಳುತ್ತಾ ಅವರ ಹುಡುಗಿಯರು ಸೂಜಿಯನ್ನು ಬಟ್ಟೆಗೆ ಬದಲು ಬೆರಳಿಗೆ ಚುಚ್ಚಿಕೊಂಡಿದ್ದರಂತೆ. ಒಬ್ಬಳು ರವಿಕೆಯ ತೋಳನ್ನು ಕುತ್ತಿಗೆಗೆ ಸೇರಿಸಿ ಹೊಲಿದಿದ್ದಳಂತೆ. ಹೆಡ್‌ಮಾಸ್ಟರ್ ಕರೆಸಿ ಬೈದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಮುಖ ಕಂಡರೆ ನಗುವುದು ಗೊತ್ತಾಗುತ್ತಿತ್ತು. ಅಷ್ಟು ವರ್ಷದ ಕೆಲಸದಲ್ಲಿ ಯಾರು ಯಾರೋ ಏನೇನೋ ಒಳ್ಳೆಯ ಮಾತು ಹೇಳಿದ್ದಾರೆ. ಆ ದೂರಿನಷ್ಟು ಸಿಹಿಯಾದದ್ದು ಒಂದೂ ನೆನಪಿಲ್ಲ.

ಸಂಜೆ ಗೇಟಿನ ಹತ್ತಿರ ಶಕುಂತಲಾ ನನಗಾಗಿ ಕಾಯುತ್ತಾ ನಿಂತಿದ್ದರು. ರತ್ನಮ್ಮ ಅವರಿಗೂ ಹೇಳಿದ್ದರು, ಆದರೆ ಎಂದಿನಂತೆ ಅರ್ಧ. ಹತ್ತನೇ ಕ್ಲಾಸಿನ ಕಲ್ಲುಗೋಡೆಯೊಳಗೆ ಅವರಿಗೆ ಏನೂ ಕೇಳಿಸಿರಲಿಲ್ಲ.

"ಪಂಚಾಯ್ತಿ ಕೂಡ್ಸಿದ್ರಂತ? ಹಿಂಗ ಮಾಡಬಹುದು ಅಂತ ನನಗ ಹೊಳೀಲೇ ಇಲ್ಲ ನೋಡ್ರಿ" ಅಂದರು. ಅವರ ದನಿಯಲ್ಲಿ ಏನೋ ಒಂದು ಇತ್ತು. ಅದನ್ನು ಗುರುತಿಸಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ಅಷ್ಟು ದಿನ ನಾನೇ ಸಾಕಿದ ಪ್ರಾಣಿ ಅದು, ಈಗ ಅವರ ಅಂಗಳಕ್ಕೆ ಹೋಗಿತ್ತು.

"ಕಡೀಕ ತೀರ್ಪು ಏನಾತ್ರಿ ಅಕ್ಕಾರ? ಯಾರ ತಪ್ಪು ಅಂದ್ರು?"

ತೀರ್ಪು ಮಧ್ಯಾಹ್ನವೇ ಆಗಿಹೋಗಿತ್ತು. ಬಸ್ಸು ಬಂತು. ನಾನು ಸೆರಗು ಸರಿಮಾಡಿಕೊಂಡು ಹತ್ತಿದೆ. "ಇನ್ನೂ ಮುಗಿದಿಲ್ಲ ಕಣ್ರೀ. ನಾಳೆ ಹೇಳ್ತಾರೆ" ಅಂದೆ.